ಕಾಕು ತೆಗೆಯದ ಜಿಂಕೆಯ ಫೋಟೋ

ಕಾಕುವಿನ ಎಡ ಮುಂಗೈ ಮೇಲೆ ಉಗುರಿನ ನಾಲ್ಕು ಗೀರು ಸದಾ ಇರುತ್ತಿದ್ದವು. ಹಳೆಯವು ಮಾಸುವಷ್ಟರಲ್ಲಿ ಹೊಸವು ಮೂಡುತ್ತಿದ್ದವು. ಲಕ್ವಾ ಹೊಡೆದು ಬಲಭಾಗವೆಲ್ಲ ಬಿದ್ದುಹೋಗಿದ್ದ ಗಂಡನನ್ನು ಅವರು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು. ಎಲ್ಲಿ ಬೀಳುತ್ತೇನೋ ಎಂದು ಅವರು ಉಳಿದ ಒಂದೇ ಕೈಯಿಂದ ಕಾಕುವಿನ ಮುಂಗೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ನಾನು ಮುಲಾಮು ತಂದುಕೊಟ್ಟರೆ, "ಇರ್ಲಿ ಬಿಡು ಬೇ, ಬಳಿ ಇಟ್ಟಂಗ ಆಗೈತಿ" ಎಂದು ಬದಿಗಿಟ್ಟರು.

ಅನಗೋಳದ ಓಣಿಯಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮೇಲಿನ ಬಾಡಿಗೆ ಮನೆ. ಓಣಿಯವರೆಲ್ಲರಂತೆ ನಾನೂ ಅವರನ್ನು ಕಾಕು ಎನ್ನುತ್ತಿದ್ದೆ, ಅವರ ಗಂಡನನ್ನು ಕಾಕಾ. ಕಾಕಾ ಗಟ್ಟಿಯಿದ್ದಾಗ ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಖಾನಾಪುರದ ಕಾಡು ಸೇರುತ್ತಿದ್ದರಂತೆ. ಕಾಕು ಹುಟ್ಟಿದ್ದೇ ಆ ಕಾಡಿನ ಅಂಚಿನಲ್ಲಿ. ಆದರೂ ಒಂದು ದಿನವೂ ಅವರನ್ನು ಜೊತೆಗೆ ಕರೆದೊಯ್ದಿರಲಿಲ್ಲ. "ಬುತ್ತಿ ಕಟ್ಟೂದು ನನ್ನ ಪಾಲು, ಕಾಡು ಅವರ ಪಾಲು" ಎಂದು ಕಾಕು ನಗುತ್ತಿದ್ದರು.

ಕಾಕಾನಿಗೆ ಒಂದು ಫೋಟೋ ಮಾತ್ರ ಸಿಕ್ಕಿರಲಿಲ್ಲ: ಕವಲೊಡೆದ ಕೋಡು ಹೊತ್ತ ಗಂಡು ಜಿಂಕೆ, ಬಯಲಿಗೆ ಬಂದು ನೆಟ್ಟಗೆ ನಿಂತದ್ದು. ಹಾಸಿಗೆ ಹಿಡಿದ ಮೇಲೆ ಆ ಆಸೆ ಹಟವಾಯಿತು. ಆಗ ಕಾಕು, "ನಾ ತಗದು ತರ್ತೀನಿ" ಎಂದರು. ಶನಿವಾರ ರಾತ್ರಿ ಬಂದು ರವಿವಾರ ಮಧ್ಯಾಹ್ನದ ತನಕ ತಮ್ಮನನ್ನು ನೋಡಿಕೊಳ್ಳಲು ಕಾಕಾನ ಅಕ್ಕ ಒಪ್ಪಿದರು. ಒಪ್ಪುವಾಗಲೇ ಕರಾರು ಹಾಕಿದರು: "ಫೋಟೋ ಸಿಗೂತನಾ ಅಷ್ಟ. ಸಿಕ್ಕ ಮ್ಯಾಲ ನಾ ಬರಾಕಿ ಅಲ್ಲ."

ಹಾಗೆ ಕಾಕುವಿಗೆ ರವಿವಾರಗಳು ಸಿಕ್ಕವು. ಗಾಡಿ ನನ್ನದು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೂ ಅಂದೇ ರಜೆ. ದಿನಚರಿಯಲ್ಲಿ ತಾರೀಖು ಹಾಕಿ ಹವೆ, ಹೊರಟ ಹೊತ್ತು, ಕಂಡ ಜಿಂಕೆ ಎಂದು ಬರೆದಿಡುವ ಚಟ ನನಗೆ. ಕಾಕು ಅದನ್ನು "ಜಿಂಕಿ ಹಾಜರಿ" ಎನ್ನುತ್ತಿದ್ದರು.

ನಂದಗಡ ದಾಟಿ ಮುಂದೆ ಅವರ ತಮ್ಮನ ಹೊಲ. ಅದರ ಕೊನೆಗೆ, ಮರಗಳ ನಡುವೆ, ಒಂದು ಕಣದಷ್ಟು ಅಗಲದ ಬಯಲು. ಕಾಕು ಅಲ್ಲಿ ಹುರುಳಿ ಚೆಲ್ಲಿಸಿದರು. ಕಡಿದ ಮರದ ಬುಡಕ್ಕೆ ಕಲ್ಲುಪ್ಪು ಕಲಸಿದ ಮಣ್ಣು ಮೆತ್ತಿದರು. ಮೊದಲ ತಿಂಗಳು ಕ್ಯಾಮೆರಾ ಮುಟ್ಟಲೇ ಇಲ್ಲ. ಉಪ್ಪಿನ ಮೇಲೆ ನಾಲಗೆಯ ಗುರುತು ಬಿದ್ದಿದೆಯೇ ಎಂದು ಬಗ್ಗಿ ನೋಡಿ ಮರಳುತ್ತಿದ್ದರು. ಅವರ ತಮ್ಮ ತಲೆ ಚಚ್ಚಿಕೊಂಡ.

"ಅಕ್ಕಾ, ರಾತ್ರಿ ಎಲ್ಲಾ ಡಬ್ಬಿ ಬಡದು ಜಿಂಕಿ ಓಡಸಾಕ ನಾ ಸಾಯಾಕತ್ತೀನಿ. ನೀ ನೋಡಿದ್ರ ಉಪ್ಪಿಟ್ಟು ಕರಿಯಾಕತ್ತಿ!"

"ನಿನ್ನ ಭತ್ತಕ್ಕ ಹೋಗದಂಗ ಇಲ್ಲೇ ಊಟಕ್ಕ ಕುಂದ್ರಸಾಕತ್ತೀನೋ, ದಡ್ಡ."

ಆಮೇಲೆ ಎರಡು ಹಳೆಯ ಕೌದಿಗಳನ್ನು ಪೊದೆಗೆ ಇಳಿಬಿಟ್ಟು ಮರೆ ಮಾಡಿದೆವು. ಒಳಗೆ ಇಬ್ಬರು ಮೊಣಕಾಲು ಮಡಚಿ ಕೂತರೆ ಮುಗಿಯಿತು. ಕೆಮ್ಮುವಂತಿಲ್ಲ, ಕಾಲು ಚಾಚುವಂತಿಲ್ಲ, ಸೊಳ್ಳೆ ಹೊಡೆಯುವಂತಿಲ್ಲ. ಕಾಕು ಹಣೆಯ ವಿಭೂತಿಯನ್ನೇ ಚಿಟಿಕೆಯಷ್ಟು ಕೆರೆದು ಗಾಳಿಗೆ ಬಿಟ್ಟು, ನಮ್ಮ ವಾಸನೆ ಎತ್ತ ಹೋಗುತ್ತದೆಂದು ನೋಡುತ್ತಿದ್ದರು. ನನಗೆ ಅಲ್ಲಿ ಉಸಿರುಗಟ್ಟುತ್ತಿತ್ತು. ಅವರಿಗೆ ಅದೇ ಬಿಡುವು.

ಚಳಿಗಾಲದ ಒಂದು ಬೆಳಿಗ್ಗೆ ಮೇಲೆ ಮುಸುವಗಳು ನೆಲ್ಲಿಯ ಟೊಂಗೆ ಜಗ್ಗಾಡಿ ಎಲೆ, ಕಾಯಿ ಉದುರಿಸತೊಡಗಿದವು. ಕಾಕು ನನ್ನ ಮಂಡಿ ಒತ್ತಿದರು. ಮುಸುವ ಉದುರಿಸಿದ್ದನ್ನು ತಿನ್ನಲು ಜಿಂಕೆ ಬರುತ್ತವೆಂದು ಅವರು ಮೊದಲೇ ಹೇಳಿದ್ದರು. ಮೂರು ಹೆಣ್ಣು ಜಿಂಕೆ ಬಂದವು; ಕಾಕು ಅವುಗಳ ಫೋಟೋ ತೆಗೆದರು. ಅವುಗಳ ಹಿಂದೆ ಅವನು ಬಂದ. ಎಳೆ ಬಿಸಿಲು ಕೋಡಿನ ಮೇಲೆ ಬಿದ್ದು, ಮೈ ಚುಕ್ಕೆಗಳನ್ನು ಎಣಿಸಬಹುದಿತ್ತು. ಉಪ್ಪು ನೆಕ್ಕಿ, ತಲೆಯೆತ್ತಿ, ಕಾಕಾ ಕೇಳಿದಂತೆಯೇ ನಿಂತ. ಕ್ಯಾಮೆರಾ ಕಾಕುವಿನ ಕಣ್ಣಿಗೆ ಹತ್ತಿತ್ತು. ಅವರು ಮೆಲ್ಲಗೆ ಅದನ್ನು ತೊಡೆಯ ಮೇಲೆ ಇಳಿಸಿ, ಬರಿಗಣ್ಣಲ್ಲಿ ನೋಡುತ್ತ ಕುಳಿತರು. ಅವನು ಸಾವಕಾಶ ಹೊರಟುಹೋದ.

"ಕಾಕು, ಬಟನ್ ಯಾಕ ಒತ್ತಲಿಲ್ರೀ?"

"ಒತ್ತಿದ್ರ ಮುಗೀತಲ್ಲ ಬೇ."

ಕ್ಯಾಮೆರಾ ಚೀಲಕ್ಕೆ ಹಾಕುತ್ತ ಅಂದರು: "ಹಿಂಡಲಗಾ ಜೇಲಿನಾಗ ಇದ್ದವರಿಗೆ ಬಿಡುಗಡಿ ತಾರೀಖರ ಇರತೈತಿ. ನನಗ ಇದೊಂದು ರವಿವಾರ ಐತಿ. ಇದನ್ನೂ ಫೋಟೋ ಮಾಡಿ ಗ್ವಾಡಿಗೆ ಹಚ್ಚಲೇನು?"

ಮನೆಗೆ ಬಂದಾಗ ಕಾಕಾ ತಲೆ ಎತ್ತಲು ಹೆಣಗಿದರು. "ಬಂದಿತ್ತೇನು?"

"ಹೆಣ್ಣು ಬಂದಿದ್ವು. ನಿಮ್ಮ ಗಂಡು ಜಿಂಕಿ ನಿಮ್ಮಂಗ ಹಟಮಾರಿ."

ಕಾಕಾ ಅರ್ಧ ಬಾಯಲ್ಲಿ ನಕ್ಕರು. ಹೆಣ್ಣು ಜಿಂಕೆಗಳ ಫೋಟೋ ನೋಡಿ, "ಕಿವಿ ಕತ್ತರಿಸೀದಿ" ಎಂದು ಬೈದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ. ಆಮೇಲೂ ಎರಡು ರವಿವಾರ ಅವನು ಬಂದ. ಎರಡು ಸಲವೂ ಕಾಕು ನೋಡಿದರು, ತೆಗೆಯಲಿಲ್ಲ.

ಬೇಸಿಗೆ ಶುರುವಾದಾಗ ಕಾಕಾನ ಅಕ್ಕ ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟರು. "ಒಂದ ಜಿಂಕಿಗೆ ಎಷ್ಟ ರವಿವಾರ? ಇಷ್ಟೊತ್ತಿಗೆ ಅದಕ್ಕ ಮೊಮ್ಮಕ್ಕಳಾಗಿರ್ತಾವ! ನನ್ನ ಮೊಣಕಾಲು ಸೋತಾವು. ಇನ್ನ ಬರೂದಿಲ್ಲ ನಾ."

ಅವರು ಹೋದ ಮೇಲೆ ಕಾಕಾ ಹೆಂಡತಿಗೆ ಹೇಳಿದರು: "ಬಾಗಲಾ ಕೀಲಿ ಹಾಕ್ಕೊಂಡು ಹೋಗು. ನೀರಿನ ತಂಬಗಿ ಬಾಜೂಕ ಇಡು. ಐದು ತಾಸಿನಾಗ ನಾ ಏನ ಸಾಯೂದಿಲ್ಲ."

ಮುಂದಿನ ರವಿವಾರ ಕಾಕು ಕೀಲಿ ಹಾಕಿದರು. ಜಗ್ಗಿ ನೋಡಿದರು, ಮತ್ತೊಮ್ಮೆ ಜಗ್ಗಿದರು. ಪೀರನವಾಡಿ ದಾಟಿದೆವು. ದೇಸೂರ ಹತ್ತಿರ ಹಿಂದಿನ ಸೀಟಿನಿಂದ ನನ್ನ ಹೆಗಲು ಹಿಡಿದರು.

"ತಂಬಗಿ ಎಡಕ್ಕ ಇಟ್ಟೆನೋ ಬಲಕ್ಕ ಇಟ್ಟೆನೋ?"

"ಎಡಕ್ಕ ಇಟ್ಟೀರಿ, ನಾ ನೋಡೀನಿ."

"ಖರೇ ನೋಡೀಯಾ? ಬಲಕ್ಕ ಇದ್ರ ಅವರಿಗೆ ಕೈ ಎಟಕೂದಿಲ್ಲ." ನಾಲ್ಕು ಮಾರು ಹೋಗುವಷ್ಟರಲ್ಲಿ, "ಗಾಡಿ ತಿರಗಸವಾ" ಎಂದರು.

ತಂಬಿಗೆ ಎಡಕ್ಕೇ ಇತ್ತು. ಕಾಕಾ ಅರ್ಧ ನೀರು ಕುಡಿದೂ ಆಗಿತ್ತು. "ಯಾಕ ಬಂದಿ?" ಎಂದರು. ಕಾಕು ಒಲೆ ಹಚ್ಚಿದರು. ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು. ಮತ್ತೆ ನಾವು ಹೋಗಲಿಲ್ಲ. ಮಳೆಗಾಲಕ್ಕೆ ಕಾಕುವಿನ ತಮ್ಮ ಫೋನು ಮಾಡಿ, ಉಪ್ಪು ಇಡುವುದೋ ಬಿಡುವುದೋ ಎಂದು ಕೇಳಿದ. "ಇಡು. ನಾ ಬರಲಿಲ್ಲಂತ ಅವ್ಯಾಕ ಉಪಾಸ ಇರಬೇಕು?" ಎಂದರು ಕಾಕು.

ಈ ವರ್ಷ ನನ್ನ ಮದುವೆ ಗೊತ್ತಾಯಿತು. ಯಾರು ಏನು ಕೊಡುವುದು, ಯಾವ ಖರ್ಚು ಯಾರದು ಎಂದು ಎರಡೂ ಕಡೆಯ ಹಿರಿಯರು ಕೂತು ಯಾದಿ ಬರೆಯುವ ಹಿಂದಿನ ದಿನ ಕಾಕು ತಮ್ಮ ಹೊಸ್ತಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡರು.

"ಯಾದ್ಯಾಗ ರವಿವಾರ ಬರಸು."

"ನಗತಾರ್ರೀ ಕಾಕು."

"ನಗಲಿ. ನಕ್ಕೋತನ ಬರೀಲಿ. ನಂದು ಯಾದಿ ಆಗೂಮುಂದ ಹನ್ನೆರಡು ಸೀರಿ ಬರಸಿದ್ರು. ಉಟ್ಟುಕೊಂಡು ಎಲ್ಲಿ ಹೋಗ್ಬೇಕಂತ ಯಾರೂ ಬರಸಲಿಲ್ಲ."

ಮರುದಿನ ಬಂಗಾರ, ಸೀರೆ, ಊಟದ ಖರ್ಚು ಎಲ್ಲ ಮುಗಿದ ಮೇಲೆ ನಾನು ಬಾಯಿ ತೆರೆದೆ: ರವಿವಾರ ಮಧ್ಯಾಹ್ನದ ತನಕ ನನ್ನದು. ಬರೆಯುತ್ತಿದ್ದ ಹಿರಿಯರ ಪೆನ್ನು ನಿಂತಿತು. "ಎಲ್ಲಿ ಹೋಗಾಕಿವಾ?" ಎಂದರು.

"ಗೊತ್ತಿಲ್ರೀ. ಹೋದರ ಹೋದೆ, ಕುಂತರ ಕುಂತೆ."

ಕೋಣೆಯೆಲ್ಲ ನಕ್ಕಿತು. ನಗದೆ ಕೂತವರು ಹುಡುಗನ ತಾಯಿ ಒಬ್ಬರೇ. "ಬರೀರಿ" ಎಂದರು.

ಕಾಕುವಿಗೆ ಆ ಸಮಾರಂಭಕ್ಕೆ ಬರಲಾಗಿರಲಿಲ್ಲ. ಸಂಜೆ ಯಾದಿಯನ್ನು ಒಯ್ದು ತೋರಿಸಿದೆ. ಒದ್ದೆ ಕೈ ಒರೆಸಿಕೊಂಡು, ದೂರ ಹಿಡಿದು, ಕೊನೆಯ ಸಾಲಿನ ತನಕ ಓದಿದರು.

"ಸಹಿ ಯಾರ್ಯಾರದು?"

"ಇಬ್ಬರ ಅಪ್ಪಂದಿರದು."

"ಹುಡುಗಂದು?"

"ಇಲ್ಲ."

"ಅವರ ಸಹಿ ತಗೊಂಡು ಏನ ಮಾಡ್ತಿ? ಬಾಳೇವು ಮಾಡಾಂವ ಆತ."

ಅಷ್ಟರಲ್ಲಿ ಒಳಗಿನಿಂದ ಕಾಕಾ ಕೂಗಿದರು. ಕಾಕು ಕಾಗದವನ್ನು ನನ್ನ ಕೈಗೆ ತುರುಕಿ ಒಳಗೆ ಹೋದರು.

ಹುಡುಗ ಮೊದಲ ಸಲ ಒಬ್ಬನೇ ಭೇಟಿಯಾಗಲು ಬಂದ ದಿನ, ಚಹಾ ಬರುವ ಮೊದಲೇ ಅವನ ಮುಂದೆ ಯಾದಿ ಬಿಚ್ಚಿಟ್ಟು ಪೆನ್ನು ಕೊಟ್ಟೆ.