ಶಹಾಬಜಾರದ ಗುಡಿಸಿದ ಅಂಗಳ

ಬೆಳಿಗ್ಗೆ ಕಮಲಾಪುರದಲ್ಲಿ ಬಸ್ಸು ನಿಂತಾಗ ಚಹಾ ಕೊಟ್ಟ ಖಾತೂನಬೀ, ಕಲಬುರ್ಗಿಗೆ ಹೊರಟಿದ್ದ ನನಗೆ ಒಂದು ಮಾತು ಹೇಳಿ ಕಳಿಸಿದಳು. ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿದ ಪೊಲೀಸ್ ಆ್ಯಕ್ಷನ್ನಿನ ಗಲಾಟೆಯಲ್ಲಿ ಕಲಬುರ್ಗಿ ಬಿಟ್ಟು ಕಮಲಾಪುರದ ಅಣ್ಣನ ಮನೆ ಸೇರಿದವಳು ಆಕೆ.

"ಶಹಾಬಜಾರದಾಗ ನಮ್ಮ ಮನಿ ಅದ ರೀ. ಚಾವಿ ಬಾಜೂ ಮನಿ ಶಿವಮ್ಮನ ಕಡೆ ಅದ. ಮುಂದಿನ ತಿಂಗಳ ಬರ್ತೀನಿ ಅಂತ ಅಕಿಗೆ ಹೇಳ್ರಿ."

ಹೋಗಿ ನೋಡಿದರೆ ಆ ಮನೆಗೆ ಹೊಸ ಬೀಗ! ದಲಾಲನೊಬ್ಬ ವರ್ಗವಾಗಿ ಬಂದ ಗುಮಾಸ್ತನಿಗೆ ಅಂಗಳ ತೋರಿಸುತ್ತಿದ್ದ. ಊರಿಗೆ ದಿನವೂ ಹೊಸ ನೌಕರರು ಬರುತ್ತಿದ್ದಾರೆ, ಬಾಡಿಗೆ ಮನೆಗಾಗಿ ಬಡಿದಾಟ ನಡೆದಿದೆ.

"ಮಾಲಕರು ಪಾಕಿಸ್ತಾನಕ್ಕ ಹೋಗ್ಯಾರ್ರೀ. ಅಂಗಳ ನೋಡ್ರಿ, ದಿನಾ ಕಸಾ ಹೊಡಸ್ತೀನಿ," ಎಂದ ದಲಾಲ.

ನನ್ನ ಮೈ ಉರಿಯಿತು. "ಮಾಲಕಿ ಕಮಲಾಪುರದಾಗ ಅದಾಳ! ಮುಂಜಾನಿ ಅಕಿ ಕೊಟ್ಟ ಚಹಾ ಕುಡದು ಬಂದೀನಿ!" ಎಂದು ಕೂಗಿದೆ.

ಆ ನಾಚಿಕೆಗೆಟ್ಟವ ನನ್ನನ್ನೂ ಬಾಡಿಗೆಗೆ ಬಂದವನೆಂದೇ ತಿಳಿದ. "ನಿಮಗ ಬೇಕಂದ್ರ ಹೇಳ್ರಿ, ಕಿರಾಯಿ ಕಮ್ಮಿ ಮಾಡ್ತೀನಿ," ಎಂದು ಕಿವಿಯಲ್ಲಿ ಉಸುರಿದ. ಗುಮಾಸ್ತ ತಲೆ ತಗ್ಗಿಸಿದ, ಆದರೆ ಅಲ್ಲಿಂದ ಕದಲಲಿಲ್ಲ.

ಪಕ್ಕದ ಬಾಗಿಲಲ್ಲಿ ಶಿವಮ್ಮ ಕಸಬರಿಗೆ ಹಿಡಿದು ನಿಂತಿದ್ದಳು. ಹಳೆಯ ಬೀಗದ ಚಾವಿ ಇನ್ನೂ ಅವಳ ಸೊಂಟದಲ್ಲಿತ್ತು. ಗೆಳತಿಯ ಮನೆ ಹಾಳುಬಿದ್ದಂತೆ ಕಾಣಬಾರದೆಂದು ಇಷ್ಟು ದಿನ ಆ ಅಂಗಳ ಗುಡಿಸಿ ನೀರು ಚಿಮುಕಿಸಿದವಳು ಅವಳೇ.

ಖಾತೂನಬೀಯ ಮಾತನ್ನು ಅವಳಿಗೆ ಹೇಳಿದೆ. ಶಿವಮ್ಮ ಹೊಸ ಬೀಗವನ್ನೇ ನೋಡುತ್ತ ಕೇಳಿದಳು:

"ನಾಳಿಗಿ ಕಸಾ ಹೊಡೀಲೋ ಬ್ಯಾಡೋ, ನೀವೇ ಹೇಳ್ರೀ ಅಣ್ಣಾ."