ನೀಲಿ ಚೀಟಿಯ ನಿಯಮ

ಸೈನ್ಯದಲ್ಲಿದ್ದೇನೆ ಅಂದರೆ ಊರಿನವರು ಬಂದೂಕಿನ ಮಾತೆತ್ತುತ್ತಾರೆ. ನನ್ನ ಕೆಲಸ ಬಂದೂಕಿನದಲ್ಲ, ಗಾಯಕ್ಕೆ ಪಟ್ಟಿ ಕಟ್ಟುವುದೂ ಅಲ್ಲ. ದೊಡ್ಡ ಭೂಯುದ್ಧ ನಡೆದರೆ ಗಾಯಾಳುಗಳನ್ನು ಯಾವ ದಾರಿಯಲ್ಲಿ ಎಲ್ಲಿಗೆ ಸಾಗಿಸಬೇಕೆಂದು ನಕ್ಷೆ ಮುಂದಿಟ್ಟುಕೊಂಡು ಯೋಜಿಸುವವನು ನಾನು. ಸಣ್ಣ ಚಕಮಕಿಯಲ್ಲಾದರೆ ಹೆಲಿಕಾಪ್ಟರ್ ಬರುತ್ತದೆ. ದೊಡ್ಡ ಯುದ್ಧದಲ್ಲಿ ಅದು ಹಾರುವುದೇ ಅನುಮಾನ. ಇರುವ ಒಂದೇ ಬೆಟ್ಟದ ರಸ್ತೆಯಲ್ಲಿ ಮದ್ದುಗುಂಡಿನ ಲಾರಿ ಹತ್ತಬೇಕು, ಆಂಬುಲೆನ್ಸ್ ಇಳಿಯಬೇಕು. ಎಲ್ಲರಿಗೂ ಗಾಡಿ ಸಾಲುವುದಿಲ್ಲ. ಅದಕ್ಕೇ ಬಣ್ಣದ ಚೀಟಿ. ಕೊರಳಿಗೆ ಕೆಂಪು ಬಿದ್ದವನನ್ನು ಮೊದಲು ಒಯ್ಯುತ್ತಾರೆ. ನೀಲಿ ಬಿದ್ದವನು ಬದುಕುವ ಭರವಸೆ ಇಲ್ಲದವನು. ಮಿಕ್ಕವರೆಲ್ಲ ಹೋದ ಮೇಲೂ ಗಾಡಿ ಇದ್ದರೆ ಅವನ ಸರದಿ. ನಮ್ಮ ವಲಯಕ್ಕೆ ಆ ನಿಯಮ ಬರೆದವನು ನಾನೇ. ಬರೆದ ದಿನ ಹೊಟ್ಟೆತುಂಬ ಉಂಡು ಮಲಗಿದ್ದೆ.

ಈ ಸಲದ ರಜೆಯಲ್ಲಿ ಮಳಗಿ ಊರಿಗೆ, ಅಕ್ಕನ ಮನೆಗೆ ಹೋದೆ. ಅವಳ ಒಬ್ಬನೇ ಮಗ ನಮ್ಮದೇ ವಲಯದ ಕಾಲಾಳು ಪಡೆಯಲ್ಲಿದ್ದಾನೆ, ಅವನಿಗೂ ರಜೆ. ಅವನನ್ನು ದಾಂಡೇಲಿಯ ಮಿಲ್ಲಿಗೆ ಸೇರಿಸಬೇಕೆಂದಿದ್ದಳು ಅಕ್ಕ. ಸೈನ್ಯದಲ್ಲಿ ನಾನಿಲ್ಲವೇನು ಎಂದು ಜಂಬ ಕೊಚ್ಚಿ ಅವಳ ಬಾಯಿ ಮುಚ್ಚಿಸಿದವನೂ ನಾನೇ.

ಮಂಡಕ್ಕಿಯ ಗಿರಮಿಟ್ ತಿನ್ನುತ್ತ ಸೋದರಳಿಯ ಕಳೆದ ಸಮರಾಭ್ಯಾಸದ ಕಥೆ ತೆಗೆದ. ಅವನಿಗೆ ಗಾಯಾಳುವಿನ ಪಾತ್ರವಂತೆ. ಕೊರಳಿಗೆ ನೀಲಿ ಚೀಟಿ ಹಾಕಿ ಬೇಲಿಯ ಬುಡದಲ್ಲಿ ಮಲಗಿಸಿದರಂತೆ. ಜೊತೆಯವರನ್ನೆಲ್ಲ ಹೊತ್ತೊಯ್ದು ತನ್ನನ್ನು ಮರೆತೇಬಿಟ್ಟರು, ಇರುವೆ ಕಚ್ಚಿ ಸಾಕಾಯಿತು ಎಂದು ನಕ್ಕ. ಅಕ್ಕನೂ ನಕ್ಕಳು. ಮರೆತಿರಲಿಲ್ಲ. ನನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ನಾನು ತಟ್ಟೆ ಬದಿಗಿಟ್ಟು ಎದ್ದೆ.

ಹಿತ್ತಲಲ್ಲಿ ಕೈ ತೊಳೆಯುವಾಗ, ಆ ನಿಯಮ ನನ್ನದೆಂದು ಅವನಿಗೆ ಹೇಳಿಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತಂಬಿಗೆ ನನ್ನ ಕೈಗೆ ಕೊಟ್ಟು, "ನೀಲಿ ಅಂದ್ರ ಏನಂತ ನನಗೂ ಗೊತ್ತೈತಿ ಮಾಮಾ. ಬರೋಬ್ಬರಿನ ಐತಿ. ಬದುಕೋರ್ನ ಮೊದಲ ಒಯ್ಯಬೇಕಲ್ಲ," ಅಂದ. ನಿಯಮ ತಪ್ಪೆಂದು ನನಗೂ ಅನ್ನಿಸಿಲ್ಲ, ಇವತ್ತಿಗೂ. ತಿದ್ದು ಅಂದರೆ ಏನು ತಿದ್ದಲಿ? ಆದರೂ ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ. ಬರೆಯುವಾಗ ಒಮ್ಮೆಯಾದರೂ ಆ ಚೀಟಿಯನ್ನು ಇವನ ಕೊರಳಲ್ಲಿ ನೆನೆಸಿಕೊಳ್ಳಬೇಕಿತ್ತು ನಾನು.

ನನ್ನನ್ನು ಮುಂಡಗೋಡದ ಬಸ್ಸು ಹತ್ತಿಸಲು ಇಬ್ಬರೂ ಬಂದರು. ಬಸ್ಸು ತಿರುವಿನಲ್ಲಿ ಕಂಡಾಗ ಅಕ್ಕ ನನ್ನ ತೋಳು ಹಿಡಿದಳು.

"ನಾಳೆ ಲಡಾಯಿ ಆಗಿ ಇವಂಗ ಏನರ ಆದ್ರ, ಮೊದಲ ಇವನ್ನ ಎತ್ತಿಸ್ತೀ ಹೌದಲ್ಲೋ?"

ನಾನು ಬಸ್ಸಿಗೆ ಕೈ ಮಾಡಿದೆ. ನನ್ನ ಚೀಲ ಹಿಡಿದಿದ್ದ ಅಳಿಯನೇ ಉತ್ತರ ಕೊಟ್ಟ.

"ಎತ್ತಿಸ್ತಾನ ಬಿಡಬೇ. ಮಾಮಾ ನನ್ನ ಹೆಸರು ಎಲ್ಲಾರಕಿಂತ ಮ್ಯಾಲ ಬರದಾನ."

ಅಕ್ಕನ ಮುಖ ಅರಳಿತು. ನನ್ನ ಕೆನ್ನೆ ಸವರಿ, ನೆಟಿಕೆ ಮುರಿದು, ನನ್ನ ದೃಷ್ಟಿ ತೆಗೆದಳು. ನಾನು ಬೇಡ ಅನ್ನಲಿಲ್ಲ.