ಸಣ್ಣಪುಟ್ಟ ತಿದ್ದುಪಡಿ

ಸವಿತಾ, ಆ ಹುಡುಗಿಯ ಫೋನ್ ನಂಬರ್ ಬೇರೆಯವರ ಕೈಗೆ ಸಿಕ್ಕಿದ್ದು ನಿನ್ನಿಂದಲ್ಲ, ನನ್ನಿಂದ. ಅವತ್ತು ನಿನ್ನ ಅಂಗಡಿಯಲ್ಲಿ ನಿಂತಿದ್ದಾಗಲೇ ಅದು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ.

ನಾನು ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಿಕೊಡುವವಳು ಎಂದಷ್ಟೇ ನಿನಗೆ ಗೊತ್ತು. ಒಮ್ಮೆ ಅಮ್ಮನ ಪಿಂಚಣಿಯ ಉದ್ದದ ಫಾರಂ ತುಂಬುತ್ತಿದ್ದಾಗ ಕರೆಂಟು ಹೋಗಿ ಎಲ್ಲ ಅಳಿಸಿಹೋಯಿತು. ಆ ಸಿಟ್ಟಿಗೆ ಒಂದು ಸಣ್ಣ ಪ್ಯಾಕೇಜ್, ಅಂದರೆ ಸಿದ್ಧ ಪ್ರೋಗ್ರಾಂ ತುಣುಕು, ಬರೆದೆ — ವೆಬ್‌ಸೈಟ್ ಮಾಡುವವರು ಅದನ್ನು ಸೇರಿಸಿಕೊಂಡರೆ, ಫಾರಂನಲ್ಲಿ ತುಂಬಿದ್ದೆಲ್ಲ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಪುಕ್ಕಟೆ ಹಂಚಿದೆ. ಎಲ್ಲೆಲ್ಲಿಯವರೋ ಬಳಸತೊಡಗಿದರು. ಬೆಳಗ್ಗೆ ಹುರುಳಿಕಾಯಿ ನಾರು ತೆಗೆದಿಟ್ಟು, ಕುಕ್ಕರ್ ಕೂಗುವಷ್ಟರಲ್ಲಿ ಇಬ್ಬರು ಮೂವರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದೆ. ಒಂದು ಕಂಪ್ಯೂಟರಿಗೆ ಒಬ್ಬರೇ ಕೂರುತ್ತಾರೆ ಎಂದುಕೊಂಡೇ ಅದನ್ನು ಬರೆದದ್ದು. ಚಂದ್ರಾ ಲೇಔಟಿನಲ್ಲಿದ್ದುಕೊಂಡು, ನಿನ್ನ ಬ್ರೌಸಿಂಗ್ ಸೆಂಟರಿನ ಮುಂದೆಯೇ ದಿನಾ ಹಾಲಿಗೆ ಹೋಗಿಬರುತ್ತಾ — ಒಂದೇ ಕುರ್ಚಿಯಲ್ಲಿ ಇಪ್ಪತ್ತು ಜನ ಕೂತೇಳುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವತ್ತು ಜೆರಾಕ್ಸ್ ಮಾಡಿಸಲು ಬಂದಿದ್ದೆ. ಹುಡುಗಿಯ ತಂದೆ ನಿನ್ನ ಮೇಜು ಬಡಿಯುತ್ತಿದ್ದರು. ನಿನ್ನಲ್ಲಿ ಸ್ಕಾಲರ್‌ಶಿಪ್ ಫಾರಂ ತುಂಬಿ ಹೋದ ಮಗಳಿಗೆ ಯಾವನೋ ಹೊತ್ತುಗೊತ್ತಿಲ್ಲದೆ ಫೋನ್ ಮಾಡುತ್ತಿದ್ದ; ಅವಳು ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಳು.

"ನಂಬರ್ ಕೊಟ್ಟೋಳು ನೀನೇ ತಾನೆ? ಇನ್ನೂ ಎಷ್ಟ್ ಜನಕ್ಕೆ ಹಂಚಿದೀಯ?" ಎಂದರು.

"ಅಯ್ಯೋ ಸಾರ್, ನನ್ ತಂಗಿ ಇದ್ದಂಗೆ ಅವ್ಳು. ನೋಡಿ, ಫಾರಂ ತೆಗೆದ್ರೆ ತಾನಾಗೇ ಬರ್ತಿದೆ. ಆಂಟಿ, ನೀವಾದ್ರೂ ಹೇಳಿ, ನಿಮಗ್ ಗೊತ್ತಾಗುತ್ತಲ್ಲ" ಎಂದು ನೀನು ಪರದೆಯನ್ನು ನನ್ನ ಕಡೆ ತಿರುಗಿಸಿದೆ.

ಖಾಲಿ ಇರಬೇಕಾದ ಫಾರಂನಲ್ಲಿ, ಅದಕ್ಕೂ ಮೊದಲು ಅಲ್ಲಿ ಕೂತು ಫಾರಂ ಕಳಿಸಿಹೋದವರ ಹೆಸರು, ವಿಳಾಸ, ಫೋನ್ ನಂಬರ್. ಕೆಳಗೆ ಒಂದು ಸಾಲು — ‘ನೀವು ನಿಲ್ಲಿಸಿದಲ್ಲಿಂದ ಮುಂದುವರಿಸಿ’. ನನ್ನ ಪ್ಯಾಕೇಜಿಗೆ ನಾನೇ ಬರೆದ ಸಾಲು. ಬಾಯಿ ತೆರೆದರೆ ಪೊಲೀಸು, ಬೀದಿಯ ಜನ, ಮನೆಯವರ ಮುಖ, ಇನ್ನೆಷ್ಟು ಊರಿನ ಎಷ್ಟು ಹುಡುಗಿಯರು —

"ಒಬ್ರು ಎದ್ದೋದ್ಮೇಲೆ ಇವ್ರು ಎಲ್ಲಾ ಅಳಿಸ್ಬೇಕಿತ್ತು ಸಾರ್" ಎಂದು ಹೇಳಿಬಿಟ್ಟೆ.

"ಹೌದಾ ಆಂಟಿ? ನಂಗ್ ಗೊತ್ತಿರ್ಲಿಲ್ಲ."

ನೀನು ನನ್ನನ್ನು ನಂಬಿದೆ, ಸವಿತಾ. ಅಲ್ಲೇ ಅವರಿಗೆ ಕೈಮುಗಿದು ಕ್ಷಮೆ ಕೇಳಿದೆ — ನನ್ನ ಎದುರಿಗೆ.

ಮನೆಗೆ ಬಂದು ಒಂದೇ ಗಂಟೆಯಲ್ಲಿ ಪ್ಯಾಕೇಜನ್ನು ಸರಿಮಾಡಿದೆ — ಫಾರಂ ಕಳಿಸಿದ ಕೂಡಲೇ ಎಲ್ಲ ಅಳಿಸಿಹೋಗುವಂತೆ. ಹೊಸ ಆವೃತ್ತಿ ಬಿಡುವಾಗ ಏನೇನು ಬದಲಾಗಿದೆಯೆಂದು ಬರೆಯಬೇಕು. ‘ಸಣ್ಣಪುಟ್ಟ ತಿದ್ದುಪಡಿ’ ಎಂದು ಬರೆದೆ. ಅಪಾಯವಿದೆ ಎಂದಿದ್ದರೆ ಬಳಸುವವರು ಅವತ್ತೇ ಬದಲಿಸಿಕೊಳ್ಳುತ್ತಿದ್ದರೇನೋ. ಎಷ್ಟೋ ಕಡೆ ಇವತ್ತಿಗೂ ಹಳೆಯದೇ ಇದೆ. ಯಾವ ಊರಿನ ಯಾವ ಅಂಗಡಿಯಲ್ಲಿ, ಯಾರ ನಂಬರ್ ಆಮೇಲೆ ಬಂದು ಕೂತವನಿಗೆ ಕಾಣುತ್ತಿದೆಯೋ... ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲು ಕೈ ಬರುವುದಿಲ್ಲ. ಹೊಸಬರು ಯಾರಾದರೂ ಹೊಗಳಿ ಬರೆದರೆ ಪೂರ್ತಿ ಓದದೆ ಮುಚ್ಚಿಬಿಡುತ್ತೇನೆ.

ಜನ ನಿನ್ನ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಮೂರು ತಿಂಗಳಲ್ಲಿ ನೀನು ಬಾಗಿಲು ಹಾಕಿದೆ. ಈಗ ವಿಜಯನಗರದ ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಂತೇ ಇರುತ್ತೀಯ, ನನ್ನನ್ನು ಕಂಡರೆ ಇಂದಿಗೂ "ಚೆನ್ನಾಗಿದೀರಾ ಆಂಟಿ?" ಎನ್ನುತ್ತೀಯ.

ಇವತ್ತು ಬೆಳಗ್ಗೆ ಪ್ಯಾಕೇಜಿನ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಿದ್ದೇನೆ — ದೋಷ ಮೊದಲಿನಿಂದಲೂ ಇತ್ತು, ಗೊತ್ತಾದ ಮೇಲೂ ಮುಚ್ಚಿಟ್ಟೆ, ಹಳೆಯದನ್ನು ಕೂಡಲೇ ತೆಗೆಯಿರಿ ಎಂದು. ಬಂದಿರುವ ಉತ್ತರಗಳನ್ನು ಇನ್ನೂ ತೆರೆದಿಲ್ಲ. ಹೆದರಿಕೆ. ಆದರೂ ಅವರು ಯಾರೂ ನನ್ನ ಮುಖ ನೋಡಿದವರಲ್ಲ.

ಆ ಹುಡುಗಿಯ ಮನೆ ನಮ್ಮ ಹಿಂದಿನ ಅಡ್ಡರಸ್ತೆಯಲ್ಲೇ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ನೇರ ಅಲ್ಲಿಗೆ ಹೋಗುತ್ತೇನೆ. ತಂದೆ ಕೂಗಾಡಿದರೆ ಕೇಳಿಸಿಕೊಂಡೇನು. ಅವಳೇ ಬಂದು ಬಾಗಿಲು ತೆಗೆದರೆ — ಅವಳೇ ತೆಗೆದರೆ, ಮೊದಲು ಅವಳಿಗೇ ಹೇಳುತ್ತೇನೆ.